ಭಾರವನ್ನೆತ್ತುವ ದ್ರವಾನಿಲ

ತಾಳಿಕೋಟೆಯ ಹೆಸರನ್ನು ಕೇಳಿದೊಡನೆ ನಮ್ಮ ವಿದ್ಯಾರ್ಥಿಗಳಿಗೆ ೧೫೬೫ನೆಯ ಇಸವಿಯ ಕಾಳಗವು ನೆನಪಾಗುವುದು ಸಹಜ. ಆದರೆ ಮುದ್ದೇಬಿಹಾಳ, ಸಿಂದಗಿ, ಬಸವನಬಾಗೇವಾಡಿಗಳ ಸುತ್ತಣ ರೈತನಿಗೆ ಡೋಣಿ ನದಿಯ ದಂಡೆಯ ಈ ಊರು ಮೊದಲು ಒಂದು ಪೇಟೆ, ಕಾಳಗವೇನಿದ್ದರೂ ಆಮೇಲಿನದು. ಎರೆಭೂಮಿಯ ತೊಗರಿ, ಕಡಲೆ, ಜೋಳಗಳು ಸುಗ್ಗಿಯ ತರುವಾಯ ಚೀಲಗಳಲ್ಲಿ ತುಂಬಿ ಅಡತಿ ಅಂಗಡಿಗಳಿಗೆ ಬರುವುವು; ಅಲ್ಲಿಂದ ಉಗ್ರಾಣಕ್ಕೂ ಉಗ್ರಾಣದಿಂದ ಲಾರಿಗೂ ಹೋಗುವುವು. ಈ ಪ್ರತಿಯೊಂದು ಹಂತದಲ್ಲಿಯೂ ಚೀಲವನ್ನು ಯಾರಾದರೊಬ್ಬರು ಎತ್ತಲೇಬೇಕು. ಎತ್ತುವವನು ಹಮಾಲ. ೫೦ ಕಿಲೋಗ್ರಾಮಿನ ಚೀಲವೊಂದನ್ನು, ಕೆಲವು ವೇಳೆ ಅದರ ಇಮ್ಮಡಿ ತೂಕವನ್ನು, ಬೆನ್ನ ಮೇಲೆ ಹೊತ್ತು, ಓರೆಯಾಗಿ ಇಟ್ಟ ಹಲಗೆಯ ಮೇಲೆ ಹೆಜ್ಜೆಯಿಡುತ್ತ ಆತನು ಲಾರಿಯನ್ನು ಏರುವನು.

ಭೌತಶಾಸ್ತ್ರದ ಲೆಕ್ಕವನ್ನು ಇಲ್ಲಿ ಹಾಕಿದರೆ ಒಂದು ವಿಚಿತ್ರವು ತೋರುವುದು. ೫೦ ಕಿಲೋಗ್ರಾಮಿನ ಚೀಲವನ್ನು ೧.೫ ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಕೆಲಸವು ೭೩೫ ಜೌಲ್ ಮಾತ್ರ. ದಿನಕ್ಕೆ ೨೦೦ ಚೀಲಗಳನ್ನು ಏರಿಸಿದರೂ ಮೊತ್ತವು ೧೪೭ ಕಿಲೋಜೌಲನ್ನು ಮೀರದು. ಒಂದು ತುಂಡು ರೊಟ್ಟಿಯಲ್ಲಿ ಇದಕ್ಕಿಂತ ಹೆಚ್ಚು ಶಕ್ತಿಯುಂಟು. ಹಾಗಾದರೆ ಹಮಾಲನು ದಣಿಯುವುದು ಏತಕ್ಕೆ? ಭಾರವನ್ನು ಹೊತ್ತು ಸಮತಲದ ಮೇಲೆ ನಡೆವಾಗ ಚೀಲದ ಮೇಲೆ ನಡೆದ ಕೆಲಸ ಸೊನ್ನೆ ಎಂದು ನಮ್ಮ ಪಠ್ಯಪುಸ್ತಕವು ಹೇಳುತ್ತದೆ. ಸ್ನಾಯುವು ಪುಸ್ತಕವನ್ನು ಓದಿಲ್ಲ. ಭಾರವನ್ನು ಸುಮ್ಮನೆ ಹಿಡಿದು ನಿಲ್ಲುವುದಕ್ಕೂ ಅದರ ಎಳೆಗಳು ಎಡೆಬಿಡದೆ ಬಿಗಿದು ಸಡಿಲಾಗುತ್ತ ಶಕ್ತಿಯನ್ನು ವ್ಯಯಿಸಬೇಕು. ಇದರ ಮೇಲೆ ಬೆನ್ನುಮೂಳೆಯ ಸವೆತ ಬೇರೆ. ಭಾರವನ್ನು ಹಿಡಿದು ನಿಲ್ಲುವುದಕ್ಕೆ ಏನನ್ನೂ ತಿನ್ನದ ಯಂತ್ರವೊಂದು ದೊರೆತರೆ ಲಾಭವು ಎಷ್ಟೆಂಬುದು ಇದರಿಂದಲೇ ತಿಳಿಯುವುದು.

ಅಂಥ ಯಂತ್ರವೇ ಫೋರ್ಕ್‌ಲಿಫ್ಟ್. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ, ವೈಟ್‌ಫೀಲ್ಡಿನ ಕಂಟೇನರ್ ನಿಲ್ದಾಣದಲ್ಲಿ, ನವಮಂಗಳೂರು ಬಂದರಿನಲ್ಲಿ ಇದನ್ನು ನೋಡಬಹುದು. ಮುಂಭಾಗದಲ್ಲಿ ಎರಡು ಉಕ್ಕಿನ ಕೈಗಳು ನೆಲದ ಮಟ್ಟದಲ್ಲಿ ಚಾಚಿಕೊಂಡಿರುವುವು. ಚಾಲಕನು ಅವನ್ನು ಸರಕಿನ ಅಡಿಗೆ ತೂರಿಸಿ, ಸನ್ನೆಯೊಂದನ್ನು ಎಳೆದರೆ ಎರಡು ಟನ್ನಿನ ಭಾರವು ಆಳೆತ್ತರಕ್ಕಿಂತ ಮೇಲಕ್ಕೆ ಏರಿ ನಿಲ್ಲುವುದು. ಅಮೆರಿಕದ ಕ್ಲಾರ್ಕ್ ಸಂಸ್ಥೆಯು ತನ್ನ ಕಾರ್ಖಾನೆಯೊಳಗೆ ಸಾಮಾನು ಸಾಗಿಸಲು ೧೯೧೭ರಲ್ಲಿ ರಚಿಸಿದ ಮೋಟಾರು ಬಂಡಿಯನ್ನು ಇದರ ಪೂರ್ವಜನೆಂದು ಎಣಿಸುವರು. ೧೯೨೩ರಲ್ಲಿ ಯೇಲ್ ಸಂಸ್ಥೆಯು ಮೇಲೇರುವ ಕೈಗಳನ್ನೂ ಅವಕ್ಕೆ ಆಧಾರವಾದ ಕಂಬವನ್ನೂ ಜೋಡಿಸಿತು. ಎರಡನೆಯ ಮಹಾಯುದ್ಧದಲ್ಲಿ ಸೇನೆಯ ಸರಕುಗಳನ್ನು ಅವಸರದಲ್ಲಿ ಏರಿಸಿ ಇಳಿಸಬೇಕಾದಾಗ ಈ ಬಂಡಿಯು ಲೋಕಪ್ರಸಿದ್ಧವಾಯಿತು.

ಫೋರ್ಕ್‌ಲಿಫ್ಟುಗಳಲ್ಲಿ ಡೀಸೆಲಿನಿಂದ ನಡೆವುವು ಉಂಟು, ವಿದ್ಯುತ್ಕೋಶದಿಂದ ನಡೆವುವು ಉಂಟು. ನಮ್ಮ ದೇಶದಲ್ಲಿ ಇವೆರಡೇ ಹೆಚ್ಚು. ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಇವುಗಳ ಜೊತೆಗೆ ಪ್ರೊಪೇನ್ ಅನಿಲದಿಂದ ನಡೆವ ಮೂರನೆಯ ಬಗೆಯು ಬಹಳವಾಗಿ ಬಳಕೆಯಲ್ಲಿದೆ. ನಾವು ಈ ಮೂರನೆಯದನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ನಮ್ಮ ಅಡಿಗೆಮನೆಯ ಸಿಲಿಂಡರಿನಲ್ಲಿ ಇರುವುದು ಇದರ ಒಡಹುಟ್ಟು. ಬೆಂಗಳೂರಿನ ಬೀದಿಗಳಲ್ಲಿ ಸಾವಿರಾರು ಆಟೋರಿಕ್ಷಾಗಳು ಓಡುತ್ತಿರುವುದೂ ಇದರಿಂದಲೇ. ಅಲ್ಲದೆ ಕಾಲೇಜಿನ ಮೊದಲೆರಡು ವರ್ಷಗಳಲ್ಲಿ ಕಲಿತ ಭೌತಶಾಸ್ತ್ರದ ಅರ್ಧ ಭಾಗವು ಈ ಒಂದು ಬಂಡಿಯಲ್ಲಿ ಅಡಗಿದೆ.

ಪ್ರೊಪೇನ್ ಎಂಬುದು ಒಂದು ಹೈಡ್ರೋಕಾರ್ಬನ್. ಇದರ ಒಂದು ಅಣುವಿನಲ್ಲಿ ಇಂಗಾಲದ ೩ ಪರಮಾಣುಗಳೂ ಜಲಜನಕದ ೮ ಪರಮಾಣುಗಳೂ ಇವೆ. ಇದರ ಮುಂದಿನ ಸೋದರ ಬ್ಯೂಟೇನಿನಲ್ಲಿ ೪ ಇಂಗಾಲ, ೧೦ ಜಲಜನಕ. ಪೆನ್ಸಿಲ್ವೇನಿಯಾದ ಕಲ್ಲೆಣ್ಣೆಯಲ್ಲಿ ಪ್ರೊಪೇನ್ ಕರಗಿರುವುದನ್ನು ೧೮೬೪ರಲ್ಲಿ ಎಡ್ಮಂಡ್ ರೊನಾಲ್ಡ್ಸ್ ಕಂಡುಕೊಂಡನು. ಅದು ಇಂಧನವಾದುದು ತಡವಾಗಿ. ೧೯೧೦ರಲ್ಲಿ ಅಮೆರಿಕದ ಗಣಿ ಇಲಾಖೆಯ ರಸಾಯನಜ್ಞ ವಾಲ್ಟರ್ ಸ್ನೆಲಿಂಗ್ ಎಂಬಾತನು, ಆ ಕಾಲದ ಪೆಟ್ರೋಲು ಇಟ್ಟಲ್ಲೇ ಆರಿಹೋಗುವುದು ಏಕೆಂದು ಪರೀಕ್ಷಿಸುತ್ತಿದ್ದನು. ಹೀಗೆ ಹಾರಿಹೋಗುವ ಭಾಗದಲ್ಲಿ ಪ್ರೊಪೇನ್ ಮತ್ತು ಬ್ಯೂಟೇನುಗಳು ಇರುವುದನ್ನು ಆತನು ಗುರುತಿಸಿ, ಅವನ್ನು ಬೇರ್ಪಡಿಸಿ ದ್ರವರೂಪದಲ್ಲಿ ತುಂಬಿಡುವ ವಿಧಾನವನ್ನು ರೂಪಿಸಿ, ೧೯೧೩ರಲ್ಲಿ ಹಕ್ಕುಪತ್ರವನ್ನೂ ಪಡೆದನು. ಪೆಟ್ರೋಲಿನ ದೋಷವೆಂದು ತೋರಿದ್ದೇ ಹೊಸ ಇಂಧನವಾಯಿತು.

ಈ ಅನಿಲದ ಗುಟ್ಟೆಲ್ಲವೂ ಅದರ ಕುದಿಯುವ ಬಿಂದುವಿನಲ್ಲಿದೆ. ನೀರು ಕುದಿಯುವುದು ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ. ಪ್ರೊಪೇನ್ ಕುದಿಯುವುದು ಸೊನ್ನೆಗಿಂತ ೪೨ ಡಿಗ್ರಿ ಕೆಳಗೆ. ಆದುದರಿಂದ ತೆರೆದ ಪಾತ್ರೆಯಲ್ಲಿ ಸುರಿದ ಪ್ರೊಪೇನ್ ನಮ್ಮ ಊರುಗಳಲ್ಲಿ ಕುದಿಯುತ್ತಲೇ ಇರುವುದು. ಮುಚ್ಚಿದ ಸಿಲಿಂಡರಿನಲ್ಲಿ ಏನಾಗುವುದು? ದ್ರವದ ಸ್ವಲ್ಪ ಭಾಗವು ಆವಿಯಾಗಿ ಮೇಲಿನ ಖಾಲಿ ಜಾಗವನ್ನು ತುಂಬುವುದು. ಆವಿಯ ಒತ್ತಡವು ಏರುತ್ತ ಒಂದು ಮಿತಿಯನ್ನು ಮುಟ್ಟಿದೊಡನೆ ಕುದಿತವು ನಿಲ್ಲುವುದು. ಈ ಮಿತಿಯೇ ಸಂತೃಪ್ತ ಆವಿಯ ಒತ್ತಡ. ಅದು ಸಿಲಿಂಡರಿನಲ್ಲಿ ಎಷ್ಟು ದ್ರವ ಉಳಿದಿದೆಯೆಂಬುದನ್ನು ಲೆಕ್ಕಿಸುವುದಿಲ್ಲ, ಉಷ್ಣತೆಯೊಂದನ್ನೇ ಅವಲಂಬಿಸಿದೆ. ಸಿಲಿಂಡರು ತುಂಬಿದಾಗಲೂ ಮುಗಿಯುತ್ತ ಬಂದಾಗಲೂ ಅಡಿಗೆಮನೆಯ ಉರಿಯು ಒಂದೇ ಸಮನಾಗಿರುವುದು ಇದರಿಂದಲೇ. ಒತ್ತಡಮಾಪಕವನ್ನು ನೋಡಿ ಎಷ್ಟು ಅನಿಲ ಉಳಿಯಿತೆಂದು ಹೇಳಲು ಆಗದಿರುವುದೂ ಇದರಿಂದಲೇ, ತೂಗಿಯೇ ನೋಡಬೇಕು.

ಈಗ ಕೆಲವು ಅಂಕಿಗಳು. ಪ್ರೊಪೇನಿನ ಆವಿಯ ಒತ್ತಡವು ೦ ಡಿಗ್ರಿಯಲ್ಲಿ ವಾಯುಮಂಡಲದ ಒತ್ತಡದ ಸುಮಾರು ೪.೭ ಮಡಿ, ೨೦ ಡಿಗ್ರಿಯಲ್ಲಿ ೮.೩ ಮಡಿ, ೪೦ ಡಿಗ್ರಿಯಲ್ಲಿ ೧೩.೫ ಮಡಿ, ೬೦ ಡಿಗ್ರಿಯಲ್ಲಿ ೨೧ ಮಡಿ. ಬ್ಯೂಟೇನಿನದು ೦ ಡಿಗ್ರಿಯಲ್ಲಿ ಹೆಚ್ಚುಕಡಮೆ ಒಂದೇ ಮಡಿ, ೪೦ ಡಿಗ್ರಿಯಲ್ಲಿಯೂ ನಾಲ್ಕು ಮಡಿಯನ್ನು ಮುಟ್ಟದು. ಕೆನಡಾದ ಚಳಿಗಾಲದಲ್ಲಿ ಅಂಗಳದಲ್ಲಿಟ್ಟ ಬ್ಯೂಟೇನಿನ ಸಿಲಿಂಡರು ಸತ್ತಂತೆ ಬಿದ್ದಿರುವುದು, ಅದರಿಂದ ಅನಿಲವೇ ಹೊರಬಾರದು. ಆದುದರಿಂದ ಶೀತದೇಶಗಳವರಿಗೆ ಪ್ರೊಪೇನೇ ಬೇಕು. ವಿಜಯಪುರ ಜಿಲ್ಲೆಯ ಬೇಸಿಗೆಯ ಮಾತೇ ಬೇರೆ. ನೆರಳಿನಲ್ಲಿಯೇ ೪೦ ಡಿಗ್ರಿಯನ್ನು ಮೀರುವ ಮಧ್ಯಾಹ್ನದಲ್ಲಿ, ಬಿಸಿಲಿಗೆ ನಿಂತ ಕಬ್ಬಿಣವು ಇನ್ನೂ ಬಹಳ ಕಾಯುವುದು. ಇಲ್ಲಿ ಶುದ್ಧ ಪ್ರೊಪೇನ್ ಇಟ್ಟುಕೊಂಡರೆ ಬೇಡದ ಒತ್ತಡವನ್ನು ಕಾಯಬೇಕಾದೀತು. ಭಾರತದಲ್ಲಿ ಎಲ್.ಪಿ.ಜಿ. ಎಂಬ ಹೆಸರಿನಿಂದ ಮಾರುವುದು ಬ್ಯೂಟೇನ್ ಮತ್ತು ಪ್ರೊಪೇನುಗಳ ಮಿಶ್ರಣವಾಗಿರುವುದರಲ್ಲಿ ಈ ವಿವೇಕವಿದೆ. ಎರಡೂ ಅಣುಗಳು ಸಮಸಂಖ್ಯೆಯಲ್ಲಿರುವ ದ್ರವದ ಆವಿಯೊತ್ತಡವು ೪೦ ಡಿಗ್ರಿಯಲ್ಲಿ ಎಷ್ಟಿರಬಹುದೆಂದು ರೌಲ್ಟನ ನಿಯಮದಿಂದ ಕಂಡುಹಿಡಿಯಲು ವಿದ್ಯಾರ್ಥಿಗಳು ಯತ್ನಿಸಲಿ. ಎಂಟೂವರೆ ಮಡಿಯ ಆಸುಪಾಸಿನಲ್ಲಿ ಉತ್ತರವು ಬರಬೇಕು.

ಬಿಸಿಲಿನಿಂದ ಇನ್ನೊಂದು ಅಪಾಯವುಂಟು, ಮತ್ತು ಅದು ಆವಿಯದಲ್ಲ, ದ್ರವದ್ದು. ೨೦ ಡಿಗ್ರಿಯಿಂದ ೬೦ ಡಿಗ್ರಿಗೆ ಕಾಯಿಸಿದರೆ ನೀರಿನ ಗಾತ್ರವು ನೂರಕ್ಕೆ ಒಂದೂವರೆ ಪಾಲು ಹಿಗ್ಗುವುದು. ದ್ರವ ಪ್ರೊಪೇನ್ ನೂರಕ್ಕೆ ೧೬ ಪಾಲು ಹಿಗ್ಗುವುದು. ಸಿಲಿಂಡರನ್ನು ಬಾಯಿತನಕ ದ್ರವದಿಂದ ತುಂಬಿಬಿಟ್ಟರೆ ಹಿಗ್ಗುವ ದ್ರವಕ್ಕೆ ಎಡೆಯೇ ಇರದು. ಆವಿಯನ್ನು ಅಮುಕಬಹುದು, ದ್ರವವನ್ನು ಅಮುಕಲಾಗದು, ಉಕ್ಕು ಬಿರಿಯಲೇಬೇಕು. ಆದುದರಿಂದ ಇಂಥ ಸಿಲಿಂಡರುಗಳನ್ನು ನೂರಕ್ಕೆ ಸುಮಾರು ೮೦ ಪಾಲು ಮಾತ್ರ ತುಂಬುವರು. ೮೦ ಪಾಲಿನ ದ್ರವವು ೬೦ ಡಿಗ್ರಿಗೆ ಕಾದಾಗ ೯೩ ಪಾಲು ಆಗುವುದು. ಇನ್ನೂ ೭ ಪಾಲು ಜಾಗ ಉಳಿದಿರುವುದು. ಇದನ್ನೂ ಮೀರಿ ಒತ್ತಡವೇರಿದರೆ ತಾನಾಗಿ ತೆರೆದುಕೊಂಡು ಆವಿಯನ್ನು ಹೊರಗೆ ಬಿಡುವ ರಕ್ಷಣಾ ಕವಾಟವೂ ಉಂಟು.

ಫೋರ್ಕ್‌ಲಿಫ್ಟಿನ ಸಿಲಿಂಡರು ಅಡಿಗೆಮನೆಯದರಂತೆ ನೆಟ್ಟಗೆ ನಿಂತಿರುವುದಿಲ್ಲ. ಚಾಲಕನ ಬೆನ್ನ ಹಿಂದೆ ಅಡ್ಡವಾಗಿ ಮಲಗಿರುವುದು. ಇದು ಅಂದಕ್ಕಾಗಿ ಮಾಡಿದ್ದಲ್ಲ. ಅಡಿಗೆಮನೆಯಲ್ಲಿ ನಮಗೆ ಬೇಕಾದದ್ದು ಆವಿ, ಅದು ಮೇಲ್ಗಡೆಯಿಂದ ಬರುವುದು. ಇಲ್ಲಿ ಬೇಕಾದದ್ದು ದ್ರವ. ಒಳಗಿನ ಕೊಳವೆಯೊಂದು ಬಾಗಿ ತಳವನ್ನು ಮುಟ್ಟಿಕೊಂಡಿದ್ದು ದ್ರವವನ್ನು ಹೀರುವುದು, ರಕ್ಷಣಾ ಕವಾಟದ ಬಾಯಿ ಮಾತ್ರ ಮೇಲಿನ ಆವಿಯಲ್ಲಿರುವುದು. ಸಿಲಿಂಡರನ್ನು ಹೊರಳಿಸಿ ಇಟ್ಟರೆ ಈ ಎರಡೂ ತಲೆಕೆಳಗಾಗುವುವು. ಹಾಗಾಗದಂತೆ ಮಲಗುವ ತೊಟ್ಟಿಲಿನಲ್ಲಿ ಒಂದು ಗೂಟವನ್ನೂ ಸಿಲಿಂಡರಿನ ಅಂಚಿನಲ್ಲಿ ಅದಕ್ಕೆ ತಕ್ಕ ರಂಧ್ರವನ್ನೂ ಇರಿಸಿರುವರು. ಇವೆರಡೂ ಕೂಡಿದರೆ ಮಾತ್ರ ಸಿಲಿಂಡರು ಸರಿಯಾಗಿ ಕೂರುವುದು. ಮನೆಯ ಸಿಲಿಂಡರನ್ನು ವಾಹನಕ್ಕೆ ಕಟ್ಟಿ ಓಡಿಸುವವರು ನಮ್ಮಲ್ಲಿ ಈಗಲೂ ಇರುವರು. ಅದು ಕಾನೂನಿಗೆ ವಿರುದ್ಧವೆಂಬುದು ಒಂದು ಮಾತು. ಆ ಸಿಲಿಂಡರು ಆ ಕೆಲಸಕ್ಕಾಗಿ ಹುಟ್ಟಿದ್ದಲ್ಲವೆಂಬುದು ಅದಕ್ಕಿಂತ ದೊಡ್ಡ ಮಾತು. ವಾಹನಕ್ಕೆಂದೇ ರಚಿಸಿದ ತೊಟ್ಟಿಯಿಂದ ಈ ಅನಿಲವನ್ನು ಬಳಸಲು ೨೦೦೦ದ ಇಸವಿಯ ಮೋಟಾರು ವಾಹನ ತಿದ್ದುಪಡಿ ಕಾನೂನು ಎಡೆಮಾಡಿಕೊಟ್ಟಿದೆ.

ದ್ರವವನ್ನೇ ಏಕೆ ತೆಗೆಯಬೇಕು? ಆವಿಯನ್ನೇ ತೆಗೆದರಾಗದೆ? ಇಲ್ಲಿ ಗುಪ್ತೋಷ್ಣವು ಅಡ್ಡಬರುವುದು. ಒಂದು ಕಿಲೋಗ್ರಾಮ್ ದ್ರವಾನಿಲವು ಆವಿಯಾಗಬೇಕಾದರೆ ಸುಮಾರು ೩೭೦ ಕಿಲೋಜೌಲ್ ಉಷ್ಣವು ಬೇಕು. ನಡುತರದ ಫೋರ್ಕ್‌ಲಿಫ್ಟೊಂದು ಗಂಟೆಗೆ ೨ ಕಿಲೋಗ್ರಾಮ್ ಅನಿಲವನ್ನು ಉಪಯೋಗಿಸುವುದೆಂದು ಇಟ್ಟುಕೊಳ್ಳೋಣ. ಗಂಟೆಗೆ ೭೪೦ ಕಿಲೋಜೌಲ್, ಎಂದರೆ ಸುಮಾರು ೨೦೦ ವಾಟ್. ಸಿಲಿಂಡರಿನ ಒಳಗೇ ಆವಿಯಾಗಲು ಬಿಟ್ಟರೆ ಈ ಉಷ್ಣವನ್ನು ಉಳಿದ ದ್ರವದಿಂದಲೂ ಉಕ್ಕಿನಿಂದಲೂ ಕೀಳಬೇಕು. ೧೫ ಕಿಲೋಗ್ರಾಮ್ ದ್ರವ, ಅಷ್ಟೇ ತೂಕದ ಉಕ್ಕು ಇವುಗಳನ್ನು ಒಂದು ಡಿಗ್ರಿ ತಣಿಸಿದರೆ ದೊರಕುವುದು ೪೫ ಕಿಲೋಜೌಲ್ ಮಾತ್ರ. ಹೊರಗಿನ ಗಾಳಿಯಿಂದ ಉಷ್ಣವು ಬಾರದಿದ್ದರೆ ಒಂದೇ ಗಂಟೆಯಲ್ಲಿ ಸಿಲಿಂಡರು ೧೬ ಡಿಗ್ರಿ ತಣ್ಣಗಾಗುವುದು. ತಣ್ಣಗಾದಂತೆ ಆವಿಯ ಒತ್ತಡವು ಇಳಿಯುವುದು, ಮೈಮೇಲೆ ಮಂಜು ಕೂರುವುದು, ಎಂಜಿನ್ ಏದುಸಿರು ಬಿಡುವುದು. ದೊಡ್ಡ ಮದುವೆಯ ಅಡಿಗೆಯಲ್ಲಿ ದೊಡ್ಡ ಒಲೆಗೆ ಒಂದೇ ಸಿಲಿಂಡರನ್ನು ಜೋಡಿಸಿದಾಗ ಅದರ ಮೈ ಬೆವರುವುದನ್ನು ವಾಚಕರು ನೋಡಿರಬಹುದು, ಕಾರಣವು ಇದೇ.

ಉಪಾಯವು ಸೊಗಸಾಗಿದೆ. ದ್ರವವನ್ನು ಎಂಜಿನಿನ ಹತ್ತಿರದ ಆವೀಕಾರಕವೆಂಬ ಪೆಟ್ಟಿಗೆಗೆ ತರುವರು. ಎಂಜಿನನ್ನು ತಣಿಸಿ ತಾನು ಬಿಸಿಯಾದ ನೀರು ಆ ಪೆಟ್ಟಿಗೆಯ ಗೋಡೆಗಳಲ್ಲಿ ಹರಿಯುತ್ತಿರುವುದು. ಪೆಟ್ರೋಲ್ ಎಂಜಿನಿನಲ್ಲಿ ಗಾಳಿಗೆ ಸುಮ್ಮನೆ ಬಿಸಾಡುವ ಉಷ್ಣದಲ್ಲಿ ಒಂದು ಪಾಲನ್ನು ತೆಗೆದು ಇಲ್ಲಿ ಆ ೨೦೦ ವಾಟನ್ನು ಒದಗಿಸುವರು. ಒಂದು ಲೀಟರ್ ದ್ರವ ಪ್ರೊಪೇನ್ ೨೭೦ ಲೀಟರ್ ಅನಿಲವಾಗಿ ಅರಳುವುದು. ಅದೇ ಪೆಟ್ಟಿಗೆಯಲ್ಲಿ ರಬ್ಬರಿನ ಪೊರೆಗಳೂ ಸುರುಳಿಗಳೂ ಸೇರಿ ಅನಿಲದ ಒತ್ತಡವನ್ನು ಎರಡು ಹಂತಗಳಲ್ಲಿ ಇಳಿಸಿ ಹೆಚ್ಚುಕಡಮೆ ಹೊರಗಿನ ಗಾಳಿಯ ಮಟ್ಟಕ್ಕೆ ತರುವುವು. ಎಂಜಿನ್ ಗಾಳಿಯನ್ನು ಹೀರಿದಾಗ ಮಾತ್ರ ಅನಿಲವು ಹರಿಯುವುದು. ಎಂಜಿನ್ ನಿಂತೊಡನೆ ಇನ್ನೊಂದು ಕವಾಟವು ದ್ರವದ ದಾರಿಯನ್ನೇ ಮುಚ್ಚಿಬಿಡುವುದು. ಈಚಿನ ಬಂಡಿಗಳಲ್ಲಿ ಈ ಕಾವಲಿನ ಕೆಲಸವನ್ನು ವಿದ್ಯುನ್ಮಾನ ಉಪಕರಣಗಳು ವಹಿಸಿಕೊಂಡಿವೆ.

ಗಾಳಿಯೊಡನೆ ಎಷ್ಟು ಅನಿಲವನ್ನು ಬೆರೆಸಬೇಕು? ಪ್ರೊಪೇನಿನ ಒಂದು ಅಣುವು ಪೂರ್ತಿ ಉರಿಯಲು ಆಮ್ಲಜನಕದ ೫ ಅಣುಗಳು ಬೇಕು. ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ ೨೧ ಪಾಲು ಇರುವುದರಿಂದ ಒಂದು ಗಾತ್ರ ಅನಿಲಕ್ಕೆ ಸುಮಾರು ೨೪ ಗಾತ್ರ ಗಾಳಿಯು ಬೇಕಾಯಿತು. ತೂಕದಲ್ಲಿ ಹೇಳುವುದಾದರೆ ೧ ಕಿಲೋಗ್ರಾಮಿಗೆ ೧೫.೭ ಕಿಲೋಗ್ರಾಮ್. ಪೆಟ್ರೋಲು ಹನಿಹನಿಯಾಗಿ ಬಂದು ಸರಿಯಾಗಿ ಬೆರೆಯದೆ ಉಳಿಯಬಹುದು. ಇದು ಮೊದಲೇ ಅನಿಲವಾದುದರಿಂದ ಸಮನಾಗಿ ಬೆರೆಯುವುದು, ಮಸಿಯೂ ಕಡಮೆ. ಇದರ ಆಕ್ಟೇನ್ ಸಂಖ್ಯೆಯು ನೂರನ್ನು ಮೀರಿರುವುದರಿಂದ ಎಂಜಿನನ್ನು ಕುಟ್ಟದೆ ಹೆಚ್ಚು ಒತ್ತಡವನ್ನು ತಾಳುವುದು. ಒಂದು ಕೊರತೆಯನ್ನೂ ಹೇಳಬೇಕು: ಉರುಳೆಯೊಳಗೆ ಬರುವ ಮಿಶ್ರಣದಲ್ಲಿ ನೂರಕ್ಕೆ ೪ ಪಾಲು ಜಾಗವನ್ನು ಅನಿಲವೇ ಹಿಡಿಯುವುದರಿಂದ ಅಷ್ಟು ಗಾಳಿಯು ಕಡಮೆಯಾಗಿ, ಅದೇ ಗಾತ್ರದ ಪೆಟ್ರೋಲ್ ಎಂಜಿನಿಗಿಂತ ಬಲವು ತುಸು ತಗ್ಗುವುದು. ಉಳಿದದ್ದೆಲ್ಲವೂ ಸಾಮಾನ್ಯ ನಾಲ್ಕು ಹೊಡೆತದ ಎಂಜಿನ್. ಅದನ್ನು ಪಠ್ಯಪುಸ್ತಕಕ್ಕೆ ಬಿಡೋಣ.

ಎಂಜಿನ್ ಚಕ್ರಗಳನ್ನು ತಿರುಗಿಸುವುದರ ಜೊತೆಗೆ ಒಂದು ಪಂಪನ್ನೂ ತಿರುಗಿಸುವುದು. ಎತ್ತುವ ಕೆಲಸವು ಈ ಪಂಪಿನದು. ಮುಚ್ಚಿದ ದ್ರವದ ಒಂದೆಡೆಯಲ್ಲಿ ಕೊಟ್ಟ ಒತ್ತಡವು ಎಲ್ಲೆಡೆಗೂ ಕುಂದದೆ ಹಬ್ಬುವುದೆಂಬ ಪಾಸ್ಕಲನ ನಿಯಮವನ್ನು ೧೭೯೫ರಲ್ಲಿ ಜೋಸೆಫ್ ಬ್ರಾಮಾ ಒತ್ತುಯಂತ್ರವಾಗಿ ಮಾಡಿದನು. ಅದೇ ಇಲ್ಲಿ ಕಂಬದ ಎರಡು ಬದಿಯ ಉರುಳೆಗಳಾಗಿ ನಿಂತಿದೆ. ಪಂಪು ಎಣ್ಣೆಯನ್ನು ಉರುಳೆಗೆ ತಳ್ಳುವುದು. ಎಣ್ಣೆಯು ಕೊಂತ ಅಥವಾ ಪಿಸ್ಟನನ್ನು ಮೇಲಕ್ಕೆ ತಳ್ಳುವುದು.

ಆದರೆ ಕೊಂತವು ಸರಕನ್ನು ನೇರವಾಗಿ ಎತ್ತದು. ಅದರ ತಲೆಯ ಮೇಲೆ ರಾಟೆಯೊಂದಿದೆ. ರಾಟೆಯ ಮೇಲಿಂದ ಹಾದ ಸರಪಳಿಯ ಒಂದು ತುದಿಯು ಕಂಬಕ್ಕೆ ಬಿಗಿದಿದೆ, ಇನ್ನೊಂದು ತುದಿಯು ಉಕ್ಕಿನ ಕೈಗಳನ್ನು ಹಿಡಿದಿದೆ. ಬಾವಿಯ ಗಡಗಡಿಯು ಒಂದೆಡೆ ನಿಂತು ತಿರುಗುವುದು. ಈ ರಾಟೆಯು ತಾನೇ ಮೇಲೇರುವುದು. ಅದು ಒಂದು ಮೀಟರ್ ಏರಿದರೆ ಕೈಗಳು ಎರಡು ಮೀಟರ್ ಏರುವುವು. ಚಿಕ್ಕ ಉರುಳೆಯಿಂದ ದೊಡ್ಡ ಎತ್ತರವನ್ನು ಪಡೆದಂತಾಯಿತು. ಬೆಲೆಯನ್ನು ಕೊಡದೆ ಏನೂ ದೊರಕದು: ಕೊಂತವು ಭಾರದ ಇಮ್ಮಡಿ ಬಲವನ್ನು ಕೊಡಬೇಕು. ಸರಕು ೨,೦೦೦ ಕಿಲೋಗ್ರಾಮ್, ಕೈಗಳೂ ಅವುಗಳ ಚೌಕಟ್ಟೂ ೩೦೦ ಕಿಲೋಗ್ರಾಮ್ ಎಂದುಕೊಂಡರೆ ಬೇಕಾದ ಬಲವು ೪,೬೦೦ ಕಿಲೋಗ್ರಾಮ್ ತೂಕ. ೫ ಸೆಂಟಿಮೀಟರ್ ವ್ಯಾಸದ ಎರಡು ಕೊಂತಗಳ ಒಟ್ಟು ಕ್ಷೇತ್ರವು ೩೯.೩ ಚದರ ಸೆಂಟಿಮೀಟರ್. ಆದುದರಿಂದ ಎಣ್ಣೆಯ ಒತ್ತಡವು ಚದರ ಸೆಂಟಿಮೀಟರಿಗೆ ೧೧೭ ಕಿಲೋಗ್ರಾಮ್ ತೂಕ. ಬೆರಳಿನ ತುದಿಯಷ್ಟು ಜಾಗದ ಮೇಲೆ ಎರಡು ದೊಡ್ಡ ಚೀಲಗಳು ನಿಂತಂತೆ! ಕವಾಟವನ್ನು ಮುಚ್ಚಿದೊಡನೆ ಎಣ್ಣೆಯು ಅಲ್ಲಿಯೇ ಸೆರೆಯಾಗುವುದು. ಎಂಜಿನಿನ ಶಕ್ತಿಯನ್ನು ಕಿಂಚಿತ್ತೂ ಬೇಡದೆ ಭಾರವು ಮೇಲೆ ನಿಲ್ಲುವುದು. ಹಮಾಲನ ಸ್ನಾಯುವಿಗೆ ಆಗದಿದ್ದುದು ಇದೇ.

ಎರಡು ಟನ್ನನ್ನು ಮುಂದೆ ಚಾಚಿ ಹಿಡಿದ ಬಂಡಿಯು ಮುಗ್ಗರಿಸುವುದಿಲ್ಲವೇಕೆ? ಇದೊಂದು ಸನ್ನೆಕೋಲು, ಮುಂದಿನ ಗಾಲಿಗಳ ಅಚ್ಚೇ ಇದರ ಆನಿಕೆ. ಸರಕಿನ ಗುರುತ್ವಕೇಂದ್ರವು ಅಚ್ಚಿನಿಂದ ೯೫ ಸೆಂಟಿಮೀಟರ್ ಮುಂದಿರಲಿ. ಮುಂದಕ್ಕೆ ಬೀಳಿಸುವ ಪ್ರಯತ್ನವು ೨,೦೦೦ × ೦.೯೫, ಎಂದರೆ ೧,೯೦೦. ಬಂಡಿಯ ತೂಕವು ೩,೫೦೦ ಕಿಲೋಗ್ರಾಮ್, ಅದರ ಗುರುತ್ವಕೇಂದ್ರವು ಅಚ್ಚಿನಿಂದ ೯೦ ಸೆಂಟಿಮೀಟರ್ ಹಿಂದೆ ಇರಲಿ; ತಡೆಯುವ ಪ್ರಯತ್ನವು ೩,೧೫೦. ಹಿಂಭಾಗದಲ್ಲಿ ಎರಕದ ಕಬ್ಬಿಣದ ದೊಡ್ಡ ಗುಂಡನ್ನು ಹೊರಿಸಿರುವುದು ಇದಕ್ಕಾಗಿಯೇ. ಈಗ ಅದೇ ತೂಕದ, ಆದರೆ ಎರಡು ಮೀಟರ್ ಉದ್ದದ ಪೆಟ್ಟಿಗೆಯನ್ನು ಎತ್ತಿರೆಂದು ಭಾವಿಸಿ. ಗುರುತ್ವಕೇಂದ್ರವು ಇನ್ನೂ ಅರ್ಧ ಮೀಟರ್ ಮುಂದೆ ಸರಿದು ಪ್ರಯತ್ನವು ೨,೯೦೦ ಆಯಿತು. ತೂಕವು ಒಂದು ಗ್ರಾಮೂ ಹೆಚ್ಚಲಿಲ್ಲ, ಬಂಡಿಯು ಮಾತ್ರ ಮಗುಚುವ ಅಂಚಿಗೆ ಬಂದಿತು. ಇಂಥ ಸ್ಥಿತಿಯಲ್ಲಿ ಚಾಲಕನು ತಟ್ಟನೆ ತಡೆ ಒತ್ತಿದರೆ, ಅಥವಾ ಭಾರವನ್ನು ಮೇಲೆತ್ತಿಕೊಂಡೇ ತಿರುಗಿದರೆ, ಜಡತ್ವವು ಉಳಿದ ಕೆಲಸವನ್ನು ಮುಗಿಸುವುದು. ಭಾರವನ್ನು ನೆಲದಿಂದ ಗೇಣೆತ್ತರದಲ್ಲಿ ಇಟ್ಟುಕೊಂಡೇ ಸಾಗಬೇಕೆಂಬ ನಿಯಮವನ್ನು ಕಲಿಸುವವರು ಅದರ ಕಾರಣವನ್ನೂ ಹೇಳಿದರೆ ಚಾಲಕರು ಮರೆಯಲಾರರೆಂದು ನಮ್ಮ ಅಭಿಪ್ರಾಯ.

ಖರ್ಚಿನ ಲೆಕ್ಕವನ್ನು ನೋಡೋಣ. ೫೦ ಕಿಲೋಗ್ರಾಮಿನ ೪೦ ಚೀಲಗಳನ್ನು ಒಮ್ಮೆಗೇ ೩ ಮೀಟರ್ ಎತ್ತಲು, ಕೈಗಳ ತೂಕವೂ ಸೇರಿ, ಬೇಕಾದ ಕೆಲಸವು ಸುಮಾರು ೬೮ ಕಿಲೋಜೌಲ್. ಒಂದು ಕಿಲೋಗ್ರಾಮ್ ಅನಿಲದಲ್ಲಿ ೪೬,೦೦೦ ಕಿಲೋಜೌಲ್ ಅಡಗಿದೆ. ಐದರಲ್ಲಿ ನಾಲ್ಕು ಪಾಲು ವ್ಯರ್ಥವಾಗುವುದೆಂದು ಬಿಟ್ಟರೂ ಈ ೪೦ ಚೀಲಗಳಿಗೆ ಸಾಕಾಗುವುದು ೭ ಗ್ರಾಮಿನಷ್ಟು ಅನಿಲ! ಹಾಗಾದರೆ ಗಂಟೆಗೆ ೨ ಕಿಲೋಗ್ರಾಮ್ ಎಲ್ಲಿ ಹೋಯಿತು? ಐದೂವರೆ ಟನ್ನನ್ನು ಓಡಿಸಿ ನಿಲ್ಲಿಸಿ ಮತ್ತೆ ಓಡಿಸುವುದರಲ್ಲಿ, ಸುಮ್ಮನೆ ನಿಂತು ಎಂಜಿನ್ ತಿರುಗಿಸುವುದರಲ್ಲಿ, ಘರ್ಷಣೆಯಲ್ಲಿ. ಸರಕನ್ನು ಇಳಿಸುವಾಗಲಂತೂ ಎತ್ತಿದ ಶಕ್ತಿಯೆಲ್ಲವೂ ಎಣ್ಣೆಯನ್ನು ಬಿಸಿಮಾಡಿ ಹೋಗುವುದು. ಅಂತೂ ೧೫ ಕಿಲೋಗ್ರಾಮಿನ ಒಂದು ಸಿಲಿಂಡರಿನಿಂದ ಏಳು ಗಂಟೆಗಳ ಒಂದು ಪಾಳಿಯು ನಡೆಯುವುದು, ಮುಗಿದೊಡನೆ ಐದು ನಿಮಿಷದಲ್ಲಿ ಬೇರೊಂದನ್ನು ಹೊರಿಸಿಕೊಳ್ಳುವುದು.

ಇಷ್ಟು ಕೇಳಿದ ವಾಚಕರು ತಾಳಿಕೋಟೆಯ ಪೇಟೆಗೂ ಇದನ್ನು ತರಬಾರದೇಕೆ ಎನ್ನಬಹುದು. ಫೋರ್ಕ್‌ಲಿಫ್ಟಿಗೆ ಬಿಡಿಚೀಲವು ಸಿಕ್ಕದು; ಚೀಲಗಳನ್ನು ಮೊದಲು ಮರದ ಮಣೆಗಳ ಮೇಲೆ ಅಟ್ಟಿಹಾಕಬೇಕು. ನೆಲವು ಮಟ್ಟಸವಾಗಿ ಗಟ್ಟಿಯಾಗಿರಬೇಕು, ತಿರುಗಲು ಮೂರು ನಾಲ್ಕು ಮೀಟರ್ ಅಗಲದ ದಾರಿ ಬೇಕು. ಇಕ್ಕಟ್ಟಾದ ಅಡತಿ ಅಂಗಡಿಯಲ್ಲಿ ಇದು ಸಾಗದು. ದೊಡ್ಡ ಉಗ್ರಾಣದಲ್ಲಿ ಸಾಗೀತು. ಹಮಾಲನ ಬೆನ್ನನ್ನು ಉಳಿಸುವ ಯಂತ್ರವು ಅವನ ಅನ್ನವನ್ನೂ ಕಿತ್ತುಕೊಳ್ಳಬಾರದು ಎಂಬ ಪ್ರಶ್ನೆಯು ಉಳಿಯುತ್ತದೆ. ಅದು ಭೌತಶಾಸ್ತ್ರದ ಎಲ್ಲೆಯನ್ನು ಮೀರಿದ್ದು. ಆದರೂ ಯಂತ್ರವನ್ನು ಕೊಳ್ಳುವವರು ಅದಕ್ಕೆ ಮೊದಲು ಉತ್ತರವನ್ನು ಹುಡುಕಬೇಕು.

ಉಗ್ರಾಣದ ಮಾತು ಬಂದುದರಿಂದ ಅತ್ಯಂತ ಮುಖ್ಯವಾದ ವಿಷಯಕ್ಕೆ ಬಂದೆವು. ಈ ಅನಿಲವು ಶುದ್ಧವಾದ ಇಂಧನ, ಹೊಗೆಯೇ ಇಲ್ಲ, ಒಳಗೆ ಧಾರಾಳವಾಗಿ ಓಡಿಸಬಹುದು ಎಂಬ ಮಾತನ್ನು ಎಲ್ಲರೂ ಆಡುವರು. ಹೊಗೆ ಕಾಣದೆಂಬುದು ನಿಜ. ಕಾಣದ್ದೆಲ್ಲವೂ ನಿರಪಾಯವೆಂಬುದು ಸುಳ್ಳು. ಗಾಳಿಯು ಸಾಲದೆ ಬಂದಾಗ ಇಂಗಾಲವು ಅರೆಯುರಿದು ಕಾರ್ಬನ್ ಮಾನಾಕ್ಸೈಡ್ ಆಗುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುವುದು. ಉಸಿರಾಟವು ನಡೆದೇ ಇರುವುದು, ಆಮ್ಲಜನಕವು ಮಾತ್ರ ಮೈಗೆ ಸೇರದು.

೩೦ ಮೀಟರ್ ಉದ್ದ, ೨೦ ಮೀಟರ್ ಅಗಲ, ೬ ಮೀಟರ್ ಎತ್ತರದ ಒಂದು ಉಗ್ರಾಣವನ್ನು ತೆಗೆದುಕೊಳ್ಳಿ. ಅದರ ಗಾತ್ರ ೩,೬೦೦ ಘನಮೀಟರ್. ಗಂಟೆಗೆ ೨ ಕಿಲೋಗ್ರಾಮ್ ಅನಿಲವನ್ನು ಉರಿಸುವ ಬಂಡಿಯು ಸುಮಾರು ೨೫ ಘನಮೀಟರ್ ಹೊಗೆಯನ್ನು ಬಿಡುವುದು. ಮಿಶ್ರಣವನ್ನು ಸರಿಯಾಗಿ ಹೊಂದಿಸದ ಎಂಜಿನಿನ ಹೊಗೆಯಲ್ಲಿ ಈ ವಿಷಾನಿಲವು ನೂರಕ್ಕೆ ೪ ಪಾಲು ಇರಬಹುದು; ಎಂದರೆ ಗಂಟೆಗೆ ಒಂದು ಘನಮೀಟರ್. ಬಾಗಿಲು ಕಿಟಕಿಗಳು ಮುಚ್ಚಿದ್ದರೆ ಒಂದೇ ಗಂಟೆಯಲ್ಲಿ ಉಗ್ರಾಣದ ಗಾಳಿಯ ದಶಲಕ್ಷ ಪಾಲಿನಲ್ಲಿ ೨೮೦ ಪಾಲು ವಿಷವು ಸೇರಿತು. ಎಂಟು ಗಂಟೆಗಳ ದುಡಿಮೆಗೆ ಅಮೆರಿಕದ ಕಾನೂನು ಒಪ್ಪುವ ಸರಾ‍ಸರಿ ಮಿತಿಯು ೫೦. ಅದೇ ಎಂಜಿನನ್ನು ಸರಿಯಾಗಿ ಹೊಂದಿಸಿ ವಿಷವನ್ನು ನೂರಕ್ಕೆ ೦.೩ ಪಾಲಿಗೆ ಇಳಿಸಿದರೆ ಗಂಟೆಗೆ ಸೇರುವುದು ೨೦ ಪಾಲು. ಎದುರುಬದುರಿನ ಬಾಗಿಲುಗಳು ತೆರೆದಿದ್ದರೆ ಅದೂ ನಿಲ್ಲದು. ಹೊಗೆಕೊಳವೆಯಲ್ಲಿ ಕ್ರಿಯಾವರ್ಧಕವನ್ನು ಇಟ್ಟರೆ ಇನ್ನೂ ಕಡಮೆ. ಎಂಜಿನ್ ಒಂದೇ, ಅನಿಲ ಒಂದೇ. ಸುರಕ್ಷಿತವಾದುದೂ ಪ್ರಾಣಾಂತಕವಾದುದೂ ಒಂದು ತಿರುಪಿನ ಅಂತರದಲ್ಲಿವೆ. ಮಳೆ ಬಂದಿತೆಂದು ಉಗ್ರಾಣದ ಬಾಗಿಲುಗಳನ್ನು ಎಳೆದುಕೊಂಡು ಕೆಲಸವನ್ನು ಮುಂದುವರಿಸುವ ದಿನವೇ ಅಪಾಯದ ದಿನ. ಕೆಲಸದಲ್ಲಿರುವ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಅದನ್ನು ಊಟದ ದೋಷವೆಂದು ತಿಳಿಯದೆ ಎಲ್ಲರೂ ಕೂಡಲೆ ಹೊರಗಿನ ಗಾಳಿಗೆ ಬರಬೇಕು.

ಉರಿಯದೆ ಸೋರಿದ ಅನಿಲದ ಅಪಾಯವು ಬೇರೆ ಬಗೆಯದು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಸೋರಿದ್ದು ಮೇಲೇರಿ ಚದರದೆ ನೀರಿನಂತೆ ನೆಲಕ್ಕಿಳಿದು ಗುಂಡಿಗಳಲ್ಲಿ, ಚರಂಡಿಗಳಲ್ಲಿ, ತೂಕದ ಕಟ್ಟೆಯ ಹಳ್ಳದಲ್ಲಿ ನಿಲ್ಲುವುದು. ಗಾಳಿಯಲ್ಲಿ ನೂರಕ್ಕೆ ೨ರಿಂದ ೯ ಪಾಲಿನವರೆಗೆ ಪ್ರೊಪೇನ್ ಇದ್ದರೆ ಕಿಡಿಯೊಂದೇ ಸಾಕು. ಒಂದೇ ಕಿಲೋಗ್ರಾಮ್ ಸೋರಿದರೆ ೩ ಮೀಟರ್ ಉದ್ದ, ಅಗಲ, ಎತ್ತರದ ಕೋಣೆಯೊಂದು ಹೊತ್ತಿಕೊಳ್ಳಲು ಸಿದ್ಧವಾಗುವುದು. ಈ ಅನಿಲಗಳಿಗೆ ಸ್ವಂತ ವಾಸನೆಯಿಲ್ಲ. ನಮ್ಮ ಮೂಗಿಗೆ ತಟ್ಟುವ ದುರ್ನಾತವು ಎಚ್ಚರಿಕೆಗಾಗಿ ಬೆರೆಸಿದ ಮರ್ಕಾಪ್ಟನ್ ಎಂಬ ಗಂಧಕದ ಸಂಯುಕ್ತದ್ದು. ಹತ್ತಿಯ ಅರಳೆಯೂ ಕಾಳಿನ ಹೊಟ್ಟೂ ಹಾರಾಡುವ ಉಗ್ರಾಣದಲ್ಲಿ ಈ ಎಚ್ಚರವು ಇಮ್ಮಡಿಯಾಗಿರಬೇಕು.

ಈಚಿನ ವರ್ಷಗಳಲ್ಲಿ ಹೊಸದಾಗಿ ಕೊಳ್ಳುವವರು ವಿದ್ಯುತ್ಕೋಶದ ಬಂಡಿಗಳ ಕಡೆಗೆ ಹೆಚ್ಚು ಒಲಿಯುತ್ತಿರುವರು. ಮುಚ್ಚಿದ ಕಟ್ಟಡದೊಳಗೆ ಅವಕ್ಕೆ ಸಾಟಿಯಿಲ್ಲ. ಸೀಸದ ಕೋಶದ ತೂಕವು ಮೋಟಾರು ಕಾರಿನಲ್ಲಿ ದೋಷ, ಇಲ್ಲಿ ಗುಣ. ಹಿಂಭಾರದ ಕೆಲಸವನ್ನು ಅದೇ ಮಾಡುವುದು. ಆದರೆ ಅದನ್ನು ತುಂಬಲು ಗಂಟೆಗಟ್ಟಲೆ ಬೇಕು, ಲಿಥಿಯಂ ಕೋಶಕ್ಕೆ ಬೆಲೆ ಹೆಚ್ಚು, ಎರಡಕ್ಕೂ ಕೈಕೊಡದ ವಿದ್ಯುತ್ತು ಬೇಕು. ಅಂಗಳಕ್ಕೂ ಉಗ್ರಾಣಕ್ಕೂ ಓಡಾಡುತ್ತ, ಪಾಳಿಯ ಮೇಲೆ ಪಾಳಿ ದುಡಿಯಬೇಕಾದ ಕಡೆಗಳಲ್ಲಿ ಅನಿಲದ ಬಂಡಿಯು ಇನ್ನೂ ಉಳಿದುಕೊಂಡಿದೆ.

ಇದನ್ನು ನಡೆಸುವವರು ಸಂಜೆ ಕೆಲಸ ಮುಗಿದಾಗ ಒಂದು ಕ್ರಮವನ್ನು ಪಾಲಿಸುವರು. ಮೊದಲು ಬೀಗದ ಕೈಯನ್ನು ತಿರುಗಿಸಿ ಎಂಜಿನನ್ನು ನಿಲ್ಲಿಸುವುದಿಲ್ಲ. ಸಿಲಿಂಡರಿನ ಕವಾಟವನ್ನು ಮುಚ್ಚಿ, ಎಂಜಿನ್ ತಾನಾಗಿಯೇ ನಿಲ್ಲುವವರೆಗೆ ಕಾಯುವರು. ಹಾಗೆ ಮಾಡಿದರೆ ಕೊಳವೆಯಲ್ಲಿದ್ದ ದ್ರವವೆಲ್ಲವೂ ಉರಿದು ಖಾಲಿಯಾಗುವುದು. ಎರಡು ಮುಚ್ಚಿದ ಕವಾಟಗಳ ನಡುವೆ ಉಳಿದ ದ್ರವವು ಮರುದಿನದ ಬಿಸಿಲಿಗೆ ನೂರಕ್ಕೆ ಎಷ್ಟು ಪಾಲು ಹಿಗ್ಗುವುದೆಂಬುದನ್ನು ನಾವು ಮೇಲೆಯೇ ನೋಡಿದ್ದೇವೆ.